ಕೇಳಿದವರಿಗೆ

ಧರ್ಮಯೋಧ ಬಂದದ್ದು ಲಿಫ್ಟ್ ರಿಪೇರಿಗೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ನಾಲ್ಕನೇ ಮಹಡಿಯ ಟೈಲರಕ್ಕನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಆಟದ ನಕ್ಷೆ ಹರಡಿತ್ತು. ಇಪ್ಪತ್ತು ಮುಖದ ದಾಳ ಗುಂಡಿಗಳ ಡಬ್ಬಿಯಲ್ಲಿತ್ತು. ಆಟಕ್ಕೆ ಒಬ್ಬರು ಹೊಸಬರು ಬರುತ್ತಾರೆಂದು ಅಕ್ಕ, ವಾರವಾರ ಆಡಲು ಬರುತ್ತಿದ್ದ ಅವಳಿಗೆ ಹೇಳಿದ್ದಳು. ಹಾಗಾಗಿ ಬಾಗಿಲಲ್ಲಿ ನಿಂತವನನ್ನು ಕಂಡದ್ದೇ ತಡ, ಅವಳು "ಇಷ್ಟು ಹೊತ್ತಾ ಬರೋದು? ಕೂತ್ಕೊಳ್ಳಿ" ಎಂದು ಒಂದು ಕಾಗದ ಕೈಗಿಟ್ಟಳು.

ಅವನು ಕೂತ. ಕಾಗದವನ್ನು ಪೂರ್ತಿ ಓದಿದ. ಆಮೇಲೆ ಮೆಲ್ಲಗೆ, "ಲಿಫ್ಟ್ ಕೆಟ್ಟಿದೆ ಅಂತ ಫೋನ್ ಬಂದಿತ್ತು" ಅಂದ.

ಟೈಲರಕ್ಕ ಬಿದ್ದೂ ಬಿದ್ದೂ ನಕ್ಕಳು. ಅವಳ ಗಂಡ, ಎಲ್ಲರ ಬಾಯಲ್ಲೂ ಭಾವ, ಕೂತಲ್ಲೇ ತೂಕಡಿಸುತ್ತಿದ್ದವರು ಬೆಚ್ಚಿ ಎದ್ದರು. ಕಾಗದ ಕೊಟ್ಟವಳಿಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂದು ಗಂಟೆ ಕಳೆದು ಲಿಫ್ಟ್ ಸರಿಯಾಯಿತು. ಹೊಸಬರು ಬರಲೇ ಇಲ್ಲ. ಬಂದವನು ಅವನೇ, ಮೊಣಕೈವರೆಗೆ ಕೈ ತೊಳೆದುಕೊಂಡು.

"ಆ ಕಾಗದದಲ್ಲಿದ್ದದ್ದು ಯಾರು?"

"ಧರ್ಮಯೋಧ" ಅಂದಳು ಅಕ್ಕ. "ದೇವರ ಹೆಸರಲ್ಲಿ ಕತ್ತಿ ಹಿಡಿದೋನು. ನಾನು ಕಥೆ ಹೇಳ್ತೀನಿ, ನೀವೆಲ್ಲ ಅದರೊಳಗೆ ಬದುಕ್ತೀರಿ. ಇವರು ಮಾಂತ್ರಿಕ, ಎಚ್ಚರ ಇದ್ದಾಗ. ಇವಳು ಕಳ್ಳಿ. ಧರ್ಮಯೋಧ ವ್ರತ ಮುರಿದರೆ ಅವನ ಶಕ್ತಿಯೆಲ್ಲ ಹೋಗತ್ತೆ."

ಅವನು ವ್ರತಗಳನ್ನು ಗಟ್ಟಿಯಾಗಿ ಓದಿದ, ಲಿಫ್ಟಿಗೆ ಎಂಟು ಜನಕ್ಕಿಂತ ಹೆಚ್ಚು ಹತ್ತಬಾರದು ಎಂದು ಓದುವ ಧ್ವನಿಯಲ್ಲಿ. ಮೊದಲನೆಯದು: ಕೇಳಿದವರಿಗೆ ಸುಳ್ಳು ಹೇಳುವುದಿಲ್ಲ, ಉತ್ತರ ಕೊಡದೆ ಕಳಿಸುವುದೂ ಇಲ್ಲ. ಕೊನೆಯದು: ನನಗಾಗಿ ಯಾರೂ ತಮ್ಮ ಮಾತು ಮುರಿಯಲು ಬಿಡುವುದಿಲ್ಲ.

"ಇದು ನನಗೆ ಆಗತ್ತೆ" ಅಂದ.

ಅವಳು ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವಳು. ಆರು ವರ್ಷದಿಂದ ಊರವರ ಕಾಗುಣಿತದ ತಪ್ಪು ಹುಡುಕಿ ಹುಡುಕಿ, ವಾರಕ್ಕೊಮ್ಮೆ ತಾನೇ ತಪ್ಪು ಮಾಡುವ ಸುಖ ಬೇಕೆಂದು ಕಳ್ಳಿಯಾಗಿದ್ದಳು. ಈಗ ಪಕ್ಕದಲ್ಲೇ ಧರ್ಮ ಬಂದು ಕೂತಿತು.

ಎರಡನೇ ವಾರವೇ ಕಳ್ಳಿ ಅರಮನೆಯಿಂದ ಒಂದು ಗಂಟು ಹಾರಿಸಿದಳು.

"ಕಾವಲುಗಾರ ಕೇಳ್ತಾನೆ, ಈ ಗಂಟು ಯಾರದು?" ಅಂದಳು ಅಕ್ಕ.

"ರಾಜಂದು" ಅಂದ ಧರ್ಮಯೋಧ. "ಇವಳು ಕದ್ದಿದ್ದು."

"ಸುಮ್ನೆ ಇರಕ್ಕೆ ಏನಾಗಿತ್ತೋ ನಿನಗೆ?" ಅಂದಳು ಕಳ್ಳಿ.

"ಅವನು ಕೇಳಿದ."

"ಧರ್ಮಾತ್ಮ ಕಣೋ ನೀನು. ನಿನ್ನ ಸಹವಾಸ ಮಾಡಿ ನಾನು ಕೆಟ್ಟೆ."

ಮೂರು ಭಾನುವಾರ ಎಲ್ಲರೂ ಸೆರೆಮನೆಯಲ್ಲಿ ಕೊಳೆತರು. ಧರ್ಮಯೋಧ ತನ್ನ ಕಂಬಳಿಯನ್ನು ಕಳ್ಳಿಗೆ ಹೊದಿಸಿ ಕಾವಲು ಕೂತ. ಅದು ಕಾಗದದ ಮೇಲಿನ ಕಂಬಳಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ವಾರವೆಲ್ಲ ಬೆಚ್ಚಗಿದ್ದಳು.

ಮೇಜಿನ ಮುಂದೆ ಅವರು ನೀನು, ತಾನು. ನಕ್ಷೆ ಮಡಿಸಿದ ಕೂಡಲೇ ನೀವು, ತಾವು. ಲಿಫ್ಟಿನವರೆಗೆ ಜೊತೆಯಾಗಿ ನಡೆಯುವಾಗ, ಈಗಷ್ಟೇ ಕಣೋ ಎಂದು ಕರೆದವನಿಗೆ "ನೀವು ಬಸ್ಸಿಗಾ?" ಎಂದು ಕೇಳಬೇಕಾದರೆ ಅವಳಿಗೆ ನಾಲಿಗೆ ತೊಡರುತ್ತಿತ್ತು.

ಅವಳ ಕುರ್ಚಿ ಅವನ ಎಡಕ್ಕೆ. ಅವಳು ಬಾಯಿ ತೆರೆದರೆ ಸಾಕು, ಅವನು ಕುರ್ಚಿ ಸಮೇತ ತಿರುಗುತ್ತಿದ್ದ. ನೋಟ ಕಣ್ಣಿನಲ್ಲಿ ನಿಲ್ಲುತ್ತಿರಲಿಲ್ಲ, ಸೀದಾ ತುಟಿಗೆ ಇಳಿಯುತ್ತಿತ್ತು. ಅವಳು ಮಾತು ಮುಗಿಸುವವರೆಗೂ ರೆಪ್ಪೆ ಹೊಡೆಯುತ್ತಿರಲಿಲ್ಲ.

"ನಕ್ಷೆ ಮೇಜಿನ ಮೇಲಿದೆ ಕಣಪ್ಪ, ಅವಳ ಮುಖದ ಮೇಲಲ್ಲ" ಎಂದು ಅಕ್ಕ ಕೆಣಕಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅವಳು ಭಾನುವಾರಗಳಂದು ತುಟಿಗೆ ತೆಳ್ಳಗೆ ಬಣ್ಣ ಹಚ್ಚತೊಡಗಿದಳು. ಹೇಳಬೇಕಾದ್ದನ್ನು ಬೇಕೆಂದೇ ಉದ್ದ ಮಾಡತೊಡಗಿದಳು.

ಎಂಟು ತಿಂಗಳು ಹೀಗೇ ಕಳೆಯಿತು. ಅವನಾಗಿ ಬಾಯಿ ಬಿಡುವವನಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಕೇಳಿದವರಿಗೆ ತಾನೇ ಉತ್ತರ. ಸರಿ, ಕೇಳಿಯೇಬಿಡೋಣ ಎಂದುಕೊಂಡಳು.

ಆ ಸಂಜೆ ಲಿಫ್ಟಿನಲ್ಲಿ ಇಬ್ಬರೇ. ನಾಲ್ಕನೇ ಮಹಡಿಯಿಂದ ಹೊರಟ ಲಿಫ್ಟ್ ಗರಗರ ಎನ್ನುತ್ತಿತ್ತು. ಅವಳು ಅಭ್ಯಾಸದಂತೆ ಅವನ ಎಡಕ್ಕೆ ನಿಂತಿದ್ದಳು. ಮುಖ ನೋಡಿ ಕೇಳುವ ಧೈರ್ಯವಿಲ್ಲದೆ ಬಾಗಿಲು ನೋಡುತ್ತಾ ಅಂದಳು, "ನನಗೆ ನಿಮ್ಮ ಜೊತೆ ಬಾಳಬೇಕು ಅನ್ಸತ್ತೆ. ನಿಮಗೂ ಹಾಗೆ ಅನ್ಸತ್ತಾ?"

ಅವನು ತಲೆಯೆತ್ತಿ ಲಿಫ್ಟಿನ ಛಾವಣಿಯನ್ನೇ ನೋಡುತ್ತಿದ್ದ. ಮೂರನೇ ಮಹಡಿ ಹೋಯಿತು. ಎರಡು ಹೋಯಿತು.

"ಮೇಲೆ ಏನೋ ಸವೆದಿದೆ" ಅಂದ. "ನಾಳೆ ಬಂದು ನೋಡ್ಬೇಕು."

ಬಾಗಿಲು ತೆರೆಯಿತು. ಎಂದಿನಂತೆ ನಕ್ಕು, ಎಂದಿನಂತೆ "ಬರ್ತೀನಿ" ಅಂದು ಹೋದ.

ಅರಮನೆಯ ಕಾವಲುಗಾರನಿಗೂ ಉತ್ತರ ಕೊಟ್ಟವನು ಅವಳ ಮಾತು ಮರೆಸಿದ್ದ. ಇಲ್ಲ ಎಂದು ಮುಖಕ್ಕೆ ಹೇಳಿ ನೋಯಿಸಬಾರದೆಂದು ವ್ರತವನ್ನೇ ಮುರಿದ, ಅಷ್ಟು ಒಳ್ಳೆಯವನು ಎಂದುಕೊಂಡು ಅವಳು ಮನೆಗೆ ಹೋಗಿ ಅತ್ತಳು. ಮತ್ತೆ ಆ ಮಾತು ಎತ್ತಲಿಲ್ಲ.

ದೊಡ್ಡಮ್ಮ ಒಂದು ಸಂಬಂಧ ತಂದರು. ಬಂದರಿನ ಊರಿನ ಮೇಷ್ಟ್ರು, ಹೆಂಡತಿ ತೀರಿಕೊಂಡವರು, ಐದು ವರ್ಷದ ಮಗಳಿದ್ದಾಳೆ. ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲ. ಆ ಮಗು ಮೊದಲ ದಿನ ಅವಳ ಬೆರಳು ಹಿಡಿದದ್ದು ಬಿಡಲೇ ಇಲ್ಲ. ಆಮೇಲೆ ಫೋನಿನಲ್ಲಿ, "ನನ್ನ ಮಂಚದ ಪಕ್ಕ ನಿಮ್ಮ ಚಪ್ಪಲಿಗೆ ಜಾಗ ಬಿಟ್ಟಿದೀನಿ" ಅಂದಿತು. ಅವಳು ಒಪ್ಪಿದಳು.

ಈ ಸುದ್ದಿಯನ್ನು ಅವಳು ಆಟದ ಮೇಜಿನ ಮುಂದೆಯೇ ಹೇಳಿದಳು, ಚಪ್ಪಲಿಯ ಮಾತೂ ಸೇರಿಸಿ. ಧರ್ಮಯೋಧ ತುಟಿ ನೋಡುತ್ತಲೇ ಕೇಳಿದ. ಅವಳು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನೋಡುತ್ತಿದ್ದ. ನಂತರ "ಒಳ್ಳೇದಾಗ್ಲಿ" ಅಂದ.

ಕೊನೆಯ ಭಾನುವಾರ ಬಂತು. ಅಕ್ಕನ ಕಥೆಯಲ್ಲೂ ಕಳ್ಳಿ ಊರು ಬಿಡುವ ದಿನ. ನದಿಯ ದಡದಲ್ಲಿ ದೋಣಿ ಕಾದಿತ್ತು. ಫ್ಯಾನ್ ಕಟಕಟ ಅನ್ನುತ್ತಿತ್ತು. ಅವನು ನಕ್ಷೆಯ ಮೇಲೆ ಬಗ್ಗಿದ್ದ.

"ನೀರಿನ ಬಾಟ್ಲಿ ಕೊಡೋ" ಅಂದಳು ಕಳ್ಳಿ. ಅವನು ಅಲುಗಲಿಲ್ಲ. ಮತ್ತೆ ಅಂದಳು.

"ಆ ಕಡೆಯಿಂದ ಕರೆದರೆ ಅವನಿಗೆ ಕೇಳಿಸಲ್ಲ ಕಣೇ" ಅಂದಳು ಅಕ್ಕ, ಸಹಜವಾಗಿ. "ಎಡಗಿವಿ ಹೋಗಿ ಒಂದು ವರ್ಷದ ಮೇಲಾಯ್ತು. ಅಂಗಿ ಅಳತೆ ತಗೊಳ್ಳೋವಾಗ ಮೂರು ಸಲ ಕೈ ಎತ್ತು ಅಂದೆ, ಎತ್ತಲಿಲ್ಲ. ಯಾಕಪ್ಪ ಅಂತ ಕೇಳಿದೆ, ಹೇಳಿದ. ಲಿಫ್ಟಿನ ಬಾವಿಗೆ ಇಳಿಯೋರಿಗೆ ಎರಡೂ ಕಿವಿ ಬೇಕಂತೆ, ಯಾರಿಗೂ ಹೇಳ್ಬೇಡಿ ಅಂದಿದ್ದ. ಈಗ ಅವನೇ ಕಂಪನಿಗೆ ಹೇಳಿ, ಆಫೀಸಲ್ಲಿ ದೂರು ಬರ್ಕೊಳ್ಳೋ ಕುರ್ಚಿ ಹಿಡಿದಿದಾನೆ. ಇನ್ನೇನು ಮುಚ್ಚುಮರೆ? ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಅವಳು ಕೇಳಿರಲಿಲ್ಲ.

ಕೇಳಲಿಲ್ಲ, ಕೇಳಿಸಲಿಲ್ಲ. ನಡುವೆ ಇರುವುದು ಒಂದು ಗುಡಿಸು, ಒಂದು 'ಸ'. ಅಂಥ ತಪ್ಪು ಹಿಡಿಯುವುದೇ ಅವಳ ಉದ್ಯೋಗ, ಮತ್ತು ಜೀವಮಾನದಲ್ಲಿ ಹಿಡಿಯಲೇಬೇಕಿದ್ದ ಒಂದು ತಪ್ಪು ಕೈತಪ್ಪಿ ಹೋಗಿತ್ತು.

ಅಕ್ಕನಿಗೆ ಅವಳ ಮುಖ ಕಾಣಿಸಲಿಲ್ಲ, ಕಥೆ ಮುಂದುವರಿಸಿದಳು. "ದೋಣಿ ಹೊರಡ್ತಾ ಇದೆ. ಧರ್ಮಯೋಧ, ದಾಳ ಹಾಕ್ತೀಯಾ? ಹದಿನೈದರ ಮೇಲೆ ಬಿದ್ದರೆ ದೋಣಿ ನಿಲ್ಲತ್ತೆ."

ಅವನು ದಾಳವನ್ನು ಮುಷ್ಟಿಯಲ್ಲಿ ಹಿಡಿದಿದ್ದ.

"ಒಂದು ಮಾತು ಕೇಳ್ಲಾ, ಧರ್ಮಾತ್ಮ?" ಅಂದಳು ಕಳ್ಳಿ, ಅವನ ತೋಳು ಮುಟ್ಟಿ.

ಅವನು ಕುರ್ಚಿ ಸಮೇತ ತಿರುಗಿದ. "ಕೇಳು."

"ನನ್ನ ತುಟಿ ನೋಡ್ತಿದ್ದದ್ದು ಕಿವಿ ಕೇಳಿಸದೆ ಇದ್ದದ್ದಕ್ಕಾ?"

"ಮೊದಮೊದಲು ಅದಕ್ಕೇ" ಅಂದ. "ಆಮೇಲಾಮೇಲೆ ಅದೊಂದು ನೆಪ."

ಅಕ್ಕ ಈಗ ತಲೆಯೆತ್ತಿದಳು, ನೋಡಿದಳು, ಸೂಜಿಗೆ ದಾರ ಪೋಣಿಸುವ ನೆವ ತೆಗೆದಳು. ಎಂದೂ ಇಲ್ಲದೆ ಎಚ್ಚರವಾಗಿದ್ದ ಭಾವ ಕಣ್ಣು ಮುಚ್ಚಿಕೊಂಡರು.

"ನಾಲ್ಕು ತಿಂಗಳ ಹಿಂದೆ ಲಿಫ್ಟಲ್ಲಿ ನಿನ್ನನ್ನ ಒಂದು ಮಾತು ಕೇಳಿದ್ದೆ. ನಿನ್ನ ಎಡಗಡೆ ನಿಂತಿದ್ದೆ."

ಅವನ ಮುಖದಲ್ಲಿ ಆ ಸಂಜೆ ಒಂದೊಂದೇ ಮಹಡಿಯಾಗಿ ಇಳಿಯಿತು. ಅವಳು ನೋಡುತ್ತಲೇ ಇದ್ದಳು.

"ಮತ್ತೆ ಕೇಳ್ಲಾ?" ಅಂದಳು.

ಬಹಳ ಹೊತ್ತು ಅವನು ಅವಳ ತುಟಿಯನ್ನಲ್ಲ, ಕಣ್ಣನ್ನು ನೋಡಿದ.

"ಬೇಡ, ಕೇಳಬೇಡ" ಅಂದ. "ನೀನು ಕೇಳಿದರೆ ನಾನು ನಿಜ ಹೇಳಬೇಕಾಗತ್ತೆ. ಅಲ್ಲಿ ಆ ಮಗು ಚಪ್ಪಲಿಗೆ ಜಾಗ ಬಿಟ್ಕೊಂಡು ಕಾಯ್ತಿದೆ."

ಕೇಳಿದ್ದರೆ ಅವಳು ಹೊರಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಮುಷ್ಟಿ ಬಿಚ್ಚಿ ದಾಳವನ್ನು ಗುಂಡಿಗಳ ನಡುವೆ ಇಟ್ಟ. ದೋಣಿ ನದಿ ದಾಟಿತು ಎಂದಳು ಅಕ್ಕ.

ಲಿಫ್ಟಿನಲ್ಲಿ ಮತ್ತೆ ಇಬ್ಬರೇ. ಅವಳು ಬೇಕೆಂದೇ ಅವನ ಎಡಕ್ಕೆ ಹೋಗಿ ನಿಂತಳು. ಎದುರಿನ ಉಕ್ಕಿನ ಬಾಗಿಲಲ್ಲಿ ಇಬ್ಬರ ಮುಖವೂ ಮಸುಕಾಗಿ ಕಾಣುತ್ತಿತ್ತು. ಗರಗರ ಶುರುವಾಯಿತು. ಅವಳು ಹೇಳತೊಡಗಿದಳು, ಎಲ್ಲವನ್ನೂ. ಕಂಬಳಿಯ ವಿಷಯ, ತುಟಿಯ ಬಣ್ಣದ ವಿಷಯ, ಅತ್ತ ರಾತ್ರಿಯ ವಿಷಯ. "ನೀನು ಇಲ್ಲದ ಭಾನುವಾರಗಳನ್ನ ನಾನು ಏನು ಮಾಡ್ಲೋ" ಅಂದಳು. ಮೂರು, ಎರಡು, ಒಂದು. ಅಷ್ಟು ಪುಟ್ಟ ಕಟ್ಟಡ ಅದು.

ಉಕ್ಕಿನ ಬಾಗಿಲಲ್ಲಿ ಅವಳು ಅವನ ಮುಖ ನೋಡಿದಳು. ಅವಳ ತುಟಿ ಕಾಣಬಾರದೆಂದು ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ರೆಪ್ಪೆ ಒದ್ದೆಯಾಗಿತ್ತು.

ಬಾಗಿಲು ತೆರೆಯಿತು. ಅವನು ಕಣ್ಣು ಬಿಟ್ಟು ಅವಳತ್ತ ಪೂರ್ತಿ ತಿರುಗಿದ.

"ಏನಾದ್ರೂ ಕೇಳಿದ್ರಾ?"

"ಇಲ್ವಲ್ಲ" ಅಂದಳು ಅವಳು.

ಕಳ್ಳಿಗೆ ಯಾವ ವ್ರತವೂ ಇರಲಿಲ್ಲ.