ಹತ್ತನೆಯ ಹೆಸರು

ಮೇ ಆರು, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಠಾಣೆಗೆ ಬಂದ ಹೆಂಗಸಿಗೆ ಐವತ್ತೆಂಟು ವರ್ಷ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕೂರಿ ಎನ್ನುವ ಮೊದಲೇ ಕೂತು, ಇನ್ಸ್‌ಪೆಕ್ಟರನ ಮುಂದೆ ಎರಡು ಹಾಳೆ ಇಟ್ಟರು.

ಎರಡೂ ಒಂದೇ ಲ್ಯಾಬಿನವು, ಒಂದೇ ದಿನಾಂಕದವು. ಅವರ ಕತ್ತಿನ ಗಂಟಿನಿಂದ ಸೂಜಿಯಲ್ಲಿ ತೆಗೆದ ಮಾದರಿಯ ವರದಿ. ಮಾರ್ಚ್ ನಾಲ್ಕರಂದು ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ತೆಗೆದುಕೊಂಡ ಹಾಳೆಯಲ್ಲಿ ‘ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ’ ಎಂದಿತ್ತು. ಗಂಟು ಕರಗದೆ ಮೊನ್ನೆ ಶನಿವಾರ ಲ್ಯಾಬಿಗೇ ಹೋಗಿ ಕೇಳಿದಾಗ ಕೌಂಟರಿನಲ್ಲಿ ಕೊಟ್ಟ ಹಾಳೆಯಲ್ಲಿ ‘ಕಂಡುಬಂದಿವೆ’ ಎಂದಿತ್ತು.

“ಎರಡು ತಿಂಗಳು ಆರಾಮಾಗಿ ಗಿಡಕ್ಕೆ ನೀರು ಹಾಕ್ಕೊಂಡು ಇದ್ದೆ,” ಎಂದರು ಅವರು. “ಲ್ಯಾಬಿನವರ ಮೇಲೆ ಕೇಸ್ ಹಾಕಿ.”

ಇನ್ಸ್‌ಪೆಕ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಒಂದು ಪದ ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು. ಮನೆಯಲ್ಲಿ ಅಚ್ಚು ಹಾಕಿಕೊಂಡ ಹಾಳೆಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ವೆಬ್‌ಸೈಟಿನ ವಿಳಾಸವಿತ್ತು. ಲ್ಯಾಬಿನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು.

ಇಮೇಲ್‌ನ ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು ಎಂದು ಕೇಳಿದ.

“ನನ್ನ ತಮ್ಮನಿಗೆ. ಅವನೇ ಮಾಡಿಕೊಟ್ಟಿದ್ದು. ಕಂಪ್ಯೂಟರ್ ಕೆಲಸ ಅವನದು. ಅವನಿಗೆ ಈ ವಿಷಯ ಇನ್ನೂ ಹೇಳಿಲ್ಲ ಸಾರ್, ಗಾಬರಿ ಬೀಳ್ತಾನೆ.”

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ ‘ಅಪರಿಚಿತ’ ಎಂದು ಬರೆದರು. ಆಸ್ಪತ್ರೆಗೆ ಇವತ್ತೇ ಹೋಗಿ, ಕೇಸು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಇನ್ಸ್‌ಪೆಕ್ಟರ್ ಅವರನ್ನು ಕಳುಹಿಸಿದ.

ಮಧ್ಯಾಹ್ನ ಲ್ಯಾಬಿನಲ್ಲಿ ಪಂಚನಾಮೆ ನಡೆಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಅವನ ಪಂಚನಾಮೆಯ ವಾಕ್ಯ ಎರಡು ಪುಟವಾದರೂ ಮುಗಿಯುವುದಿಲ್ಲವೆಂದು ಠಾಣೆಯಲ್ಲಿ ಅವನಿಗೆ ಅಲ್ಪವಿರಾಮ ಎಂದೇ ಹೆಸರು. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ಮೂಲ ವರದಿಯನ್ನು ಯಾರೂ ಮುಟ್ಟಿರಲಿಲ್ಲ. ಲಿಂಕ್ ಹೋದದ್ದು ಮಾರ್ಚ್ ನಾಲ್ಕು, ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ದೂರುದಾರರು ಅದನ್ನು ತೆರೆದು ನೋಡಿದ್ದಾರೆಂದು ದಾಖಲೆ ಹೇಳುತ್ತಿತ್ತು. ಸಮಯ ಒಂಬತ್ತು ಮೂವತ್ತೈದು. ಆದರೆ ತಾವು ವರದಿ ನೋಡಿದ್ದು ಮಧ್ಯಾಹ್ನದ ಊಟವಾದ ಮೇಲೆ ಎಂದು ಅವರು ದೂರಿನಲ್ಲಿ ಬರೆಸಿದ್ದರು. ಅಂದರೆ ಬೆಳಿಗ್ಗೆ ನೋಡಿದವರು ಬೇರೆ ಯಾರೋ.

ಮಾರನೆಯ ದಿನ ಸೈಬರ್ ವಿಭಾಗದ ಹುಡುಗಿಯ ಮುಂದೆ ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತ. ಆ ಹೆಚ್ಚುವರಿ ಅಕ್ಷರದ ಸೈಟು ಈಗ ಇರಲಿಲ್ಲ. ಸೈಟಿನ ಹೆಸರನ್ನು ಕೊಂಡವರು ಯಾರೆಂದು ಕೇಳಿ ಅದನ್ನು ಮಾರಿದ ಕಂಪನಿಗೆ ಬರೆದರೆ ಉತ್ತರಕ್ಕೆ ತಿಂಗಳು ಬೇಕು. ಅವಳು ಬೇರೆ ದಾರಿ ಹಿಡಿದಳು.

ವಿಳಾಸದ ಪಕ್ಕ ಬೀಗದ ಗುರುತು ಬರಬೇಕಾದರೆ ಸೈಟಿಗೆ ಒಂದು ಪ್ರಮಾಣಪತ್ರ ಬೇಕು, ಅದು ಕೊಟ್ಟಾಗಲೆಲ್ಲ ಜಗತ್ತಿಗೇ ಕಾಣುವ ಒಂದು ದಾಖಲೆ ಪುಸ್ತಕದಲ್ಲಿ ನಮೂದಾಗುತ್ತದೆ, ನಮೂದಾದದ್ದನ್ನು ಬ್ರಹ್ಮ ಬಂದರೂ ಅಳಿಸಲಾರ ಎಂದು ವಿವರಿಸಿದಳು. ಹುಡುಕಿದಾಗ ಸಿಕ್ಕಿತು. ಮಾರ್ಚ್ ನಾಲ್ಕು, ಹನ್ನೊಂದು ನಲವತ್ತೆರಡು. ಅದೇ ಪತ್ರದಲ್ಲಿ ಇನ್ನೂ ಒಂಬತ್ತು ಹೆಸರುಗಳಿದ್ದವು: ಒಂದು ಶಾಲೆ, ಟೈರ್ ಅಂಗಡಿ, ಈಜುಕೊಳ, ದಂತವೈದ್ಯರೊಬ್ಬರದು, ಹೀಗೆ. ಒಂಬತ್ತನೆಯದು ನಿಜವಾದ ಲ್ಯಾಬು.

“ಸಂಬಂಧವೇ ಇಲ್ಲದವರು ಒಂದೇ ಪತ್ರದಲ್ಲಿ ಹೇಗೆ?”

“ಒಂದೇ ಸರ್ವರ್‌ನಲ್ಲಿ ಬಾಡಿಗೆಗೆ ಇದ್ದಾರೆ ಸಾರ್. ಒಬ್ಬೊಬ್ಬರಿಗೂ ಬೇರೆ ಬೇರೆ ತಗೊಳ್ಳೋದು ಒಳ್ಳೇದು. ಇಲ್ಲಿ ಎಲ್ಲರಿಗೂ ಸೇರಿಸಿ ಒಂದೇ ತಗೊಂಡಿದ್ದಾರೆ. ಹೆಸರು ಸೇರಿಸಬೇಕಾದರೆ ಸರ್ವರ್ ನೋಡ್ಕೊಳ್ಳೋನೇ ಸೇರಿಸಬೇಕು.”

ಮಾರ್ಚ್ ಹನ್ನೊಂದರಂದು ಅದೇ ಸರ್ವರ್‌ಗೆ ಹೊಸ ಪತ್ರ ಬಂದಿತ್ತು. ಅದರಲ್ಲಿ ಒಂಬತ್ತೇ ಹೆಸರು.

ಇನ್ಸ್‌ಪೆಕ್ಟರನಿಗೆ ಇದು ಬಗೆಹರಿಯಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಯಾವ ಕೇಸನ್ನೂ ಕಳ್ಳನಿಗೆ ಏನು ಸಿಕ್ಕಿತು ಎಂಬಲ್ಲಿಂದಲೇ ಹಿಡಿಯುತ್ತಿದ್ದವನು. ಇಲ್ಲಿ ಪಾಸ್‌ವರ್ಡ್ ಗೊತ್ತಿದ್ದ ತಮ್ಮನೂ ಸೇರಿ ಯಾರಿಗೂ ಏನೂ ಸಿಕ್ಕಿರಲಿಲ್ಲ. ಒಬ್ಬ ಹೆಂಗಸಿಗೆ ಒಂದು ಸುಳ್ಳು ಓದಿಸುವುದಕ್ಕಾಗಿ ಯಾರೋ ಒಂದು ಸೈಟನ್ನೇ ಕಟ್ಟಿ, ವಾರದಲ್ಲಿ ಕೆಡವಿದ್ದರು.

ಮೇ ಒಂಬತ್ತು, ಮಧ್ಯಾಹ್ನ ಎರಡು ಗಂಟೆ. ಲ್ಯಾಬಿನವರಿಂದ ವಿಳಾಸ ಸಿಕ್ಕಿತು. ಸರ್ವರ್ ಇಟ್ಟಿದ್ದ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಕೊರೆಯುವ ತಣ್ಣನೆ ಗಾಳಿ, ಯಂತ್ರದ ಒಂದೇ ಸಮನೆ ಗುಂಯ್ ಸದ್ದು. ಸರ್ವರ್‌ನ ಕೀಲಿ ಇಬ್ಬರ ಬಳಿ ಇದೆ ಎಂದ ಮಾಲೀಕ: ತನ್ನ ಬಳಿ, ತಂತ್ರಜ್ಞನ ಬಳಿ. ಮಾರ್ಚ್ ಮೊದಲ ವಾರ ಮಾಲೀಕ ವಿದೇಶದಲ್ಲಿದ್ದ, ಪಾಸ್‌ಪೋರ್ಟ್ ತೋರಿಸಿದ. ಲಾಗಿನ್ ದಾಖಲೆಯನ್ನು ಪಂಚರ ಎದುರು ತೆಗೆದರು. ನಾಲ್ಕನೆಯ ತಾರೀಖು, ಹನ್ನೊಂದೂಕಾಲಿಗೆ, ಕಿಟಕಿ ಪಕ್ಕದ ಮೇಜಿನಿಂದ ಯಾರೋ ಒಳಹೊಕ್ಕಿದ್ದರು.

ಆ ಮೇಜಿನಲ್ಲಿ ನಲವತ್ತರ ಆಸುಪಾಸಿನ ಸಣಕಲು ಮನುಷ್ಯ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಓಡುವ ಯೋಚನೆ ಇದ್ದಂತಿರಲಿಲ್ಲ. ಇನ್ಸ್‌ಪೆಕ್ಟರ್ ದೂರಿನ ಪ್ರತಿಯನ್ನು ಅವನ ಮುಂದೆ ಹಿಡಿದ. ಅವನು ದೂರುದಾರರ ಸಹಿ ನೋಡಿದ.

“ಅಕ್ಕನಿಗೆ ಗೊತ್ತಾಯ್ತಾ?”

“ಗೊತ್ತಾಯ್ತು.”

“ಆಸ್ಪತ್ರೆಗೆ ಹೋದಳಾ?”

“ಸೋಮವಾರವೇ.”

ಅವನು ಕುರ್ಚಿಯಲ್ಲಿ ಕೂತ. ಮುಂದಿನದೆಲ್ಲ ಕೇಳದೆಯೇ ಹೇಳಿದ. ಅಕ್ಕನ ಇಮೇಲ್ ತೆರೆದು ವರದಿ ತಾನೇ ಮೊದಲು ಓದಿದ್ದು, ಲ್ಯಾಬಿನ ಇಮೇಲ್ ಅಳಿಸಿ ತನ್ನ ಲಿಂಕ್ ಕಳಿಸಿದ್ದು, ಹತ್ತನೆಯ ಹೆಸರು ಸೇರಿಸಿದ್ದು, ತೆಗೆದದ್ದು.

“ವಾರಕ್ಕೇ ಯಾಕೆ ತೆಗೆದೆ?”

“ಒಂದು ವಾರ ಕಳೀಲಿ, ಧೈರ್ಯ ತಂದ್ಕೊಂಡು ನಾನೇ ಹೇಳ್ತೀನಿ ಅಂತಿದ್ದೆ. ಅದನ್ನು ತೆಗೆದು ಹೇಳೋಕೆ ಹೋದ ದಿನ ಅವಳು ಪಕ್ಕದ ಮನೆ ಮಕ್ಕಳ ಜೊತೆ ನಗ್ತಾ ಕೂತಿದ್ದಳು. ಬಾಯಿ ಬರಲಿಲ್ಲ. ಆಮೇಲೆ ದಿನಾ ನಾಳೆ, ನಾಳೆ ಅಂತ.”

ಸಂಜೆ ನಾಲ್ಕು ನಲವತ್ತಕ್ಕೆ ದಸ್ತಗಿರಿ. ಆರೋಪಿಯ ಸಂಬಂಧಿಕರಿಗೆ ತಿಳಿಸಿ ಸಹಿ ಪಡೆಯಬೇಕೆಂಬುದು ನಿಯಮ. ಅಲ್ಪವಿರಾಮ ಪೆನ್ನು ಹಿಡಿದು ಯಾರಿಗೆ ಹೇಳಬೇಕೆಂದು ಕೇಳಿದ. ಅಕ್ಕನನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಅಲ್ಪವಿರಾಮ ಇನ್ಸ್‌ಪೆಕ್ಟರನ ಮುಖ ನೋಡಿದ. ಇನ್ಸ್‌ಪೆಕ್ಟರ್ ತಾನೇ ಫೋನ್ ಮಾಡಿದ.

ಅವರು ಅರ್ಧ ಗಂಟೆಯಲ್ಲಿ ಬಂದರು. ದೂರು ವಾಪಸು ಪಡೆಯಬಹುದೇ ಎಂದು ಕೇಳಿದರು. ಅದು ತನ್ನ ಕೈಯಲ್ಲಿಲ್ಲ, ನ್ಯಾಯಾಲಯದಲ್ಲಿ ಹೇಳಿಕೊಳ್ಳಿ ಎಂದ ಇನ್ಸ್‌ಪೆಕ್ಟರ್. ಅವರ ತಮ್ಮ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಆಗ ಅವನು ಅಕ್ಕನಿಗೂ ಗೊತ್ತಿರದ ಒಂದು ವಿಷಯ ಹೇಳಿದ.

ಅವನಿಗೆ ಹದಿನೇಳು ವರ್ಷವಿದ್ದಾಗ ಅವರ ಅಪ್ಪನಿಗೂ ಇಂಥದೇ ಒಂದು ವರದಿ ಬಂದಿತ್ತು. ಅಕ್ಕ ಕೆಲಸಕ್ಕೆ ಹೋಗಿದ್ದಳು. ಏನು ಬರೆದಿದೆ ಓದು ಎಂದರು ಅಪ್ಪ. ಇವನು ಇದ್ದದ್ದನ್ನು ಇದ್ದ ಹಾಗೆ ಓದಿದ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದವರು ಆಮೇಲೆ ಸರಿಯಾಗಿ ಅನ್ನ ಮುಟ್ಟಲಿಲ್ಲ. ಇಪ್ಪತ್ತು ದಿನಕ್ಕೆ ಹೋದರು. ಇನ್ನೂ ಎರಡು ವರ್ಷ ಇರಬಹುದಿತ್ತು ಎಂದು ಡಾಕ್ಟರ್ ಯಾರಿಗೋ ಹೇಳಿದ್ದು ಇವನ ಕಿವಿಗೆ ಬಿದ್ದಿತ್ತು.

ಅಕ್ಕ ಹೋಗಿ ಅವನ ಪಕ್ಕ ಕೂತರು.

“ನಾನು ಅಪ್ಪ ಅಲ್ಲ ಕಣೋ,” ಎಂದರು. “ನಂಗೆ ಬದುಕೋ ಆಸೆ ಇತ್ತು. ನೀನು ಅದನ್ನು ಕೇಳಲೇ ಇಲ್ಲ.”

ಅವರು ಎದ್ದು ಬಂದು ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದರು.

ಎರಡು ತಿಂಗಳಲ್ಲಿ ಗಂಟು ಬೆಳೆದಿದೆ, ಆದರೆ ಆಪರೇಷನ್ನಿಗೆ ಇನ್ನೂ ದಾರಿಯಿದೆ ಎಂದು ವೈದ್ಯರು ಬರೆದುಕೊಟ್ಟರು. ಇಪ್ಪತ್ತನೆಯ ತಾರೀಖು ನಿಗದಿಯಾಯಿತು. ಹದಿನೇಳಕ್ಕೆ ಆರೋಪಿಗೆ ಜಾಮೀನು ಸಿಕ್ಕಿತು.

ಇನ್ಸ್‌ಪೆಕ್ಟರ್ ದೋಷಾರೋಪ ಪಟ್ಟಿಯಲ್ಲಿ ನಕಲಿ ದಾಖಲೆ, ಕಂಪ್ಯೂಟರ್ ಬಳಸಿ ವಂಚನೆ ಎಂದು ಕಲಮುಗಳನ್ನೆಲ್ಲ ತುಂಬಿದ. ‘ಕೃತ್ಯದ ಉದ್ದೇಶ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಕೊನೆಗೆ, ‘ಹಿಂದೊಮ್ಮೆ ನಿಜ ಓದಿದ್ದರಿಂದ ತಂದೆ ತೀರಿಕೊಂಡರೆಂದು ಆರೋಪಿ ಇಪ್ಪತ್ತನಾಲ್ಕು ವರ್ಷ ನಂಬಿದ್ದನು’ ಎಂದು ಬರೆದು ಸಹಿ ಹಾಕಿದ.