ಚಪ್ಪಾಳೆ ತಟ್ಟದವಳು

ಪಂದ್ಯ ಮುಗಿಯಲು ಎರಡು ಸೆಕೆಂಡ್ ಇತ್ತು. ನಾನು ಎಸೆದ ಚೆಂಡು ರಿಂಗಿಗೂ ತಾಗದೆ ಬಲೆಯೊಳಗೆ ಇಳಿಯಿತು. ಯಲಹಂಕದ ಆ ಒಳಾಂಗಣ ಕ್ರೀಡಾಂಗಣದಲ್ಲಿದ್ದ ಇನ್ನೂರು ಜನರೂ ಎದ್ದು ನಿಂತು ಕೂಗಿದರು. ತಂಡದವರು ಓಡಿ ಬಂದು ನನ್ನ ಮೇಲೆ ಬಿದ್ದರು. ಅವರ ತಲೆಗಳ ಮೇಲಿಂದ ನಾನು ನೋಡಿದ್ದು ಸ್ಕೋರ್ ಟೇಬಲ್ಲಿನ ಕಡೆ ಮಾತ್ರ.

ಅವಳು ತಲೆ ತಗ್ಗಿಸಿ ಬರೆಯುತ್ತಿದ್ದಳು. ಬರೆದು ಮುಗಿಸಿದಳು, ಪೆನ್ನಿಗೆ ಕ್ಯಾಪ್ ಹಾಕಿದಳು, ಒಂದು ಗುಟುಕು ನೀರು ಕುಡಿದಳು. ಅಷ್ಟೇ.

ಮೂರು ವರ್ಷದಿಂದ ಇದೇ ಕಥೆ. ಹೆಸರು ಮೋನಿಷಾ, ನಮ್ಮ ಲೀಗಿನ ಸ್ಕೋರರ್. ಮೊದಲ ಕ್ವಾರ್ಟರಿಗೆ ಕೆಂಪು ಪೆನ್ನು, ಎರಡನೆಯದಕ್ಕೆ ನೀಲಿ. ಪೆನ್ನು ಬದಲಿಸುವಾಗ ಮೊದಲಿನದನ್ನು ಜಡೆಗೆ ಸಿಕ್ಕಿಸಿಕೊಳ್ಳುತ್ತಾಳೆ. ಆಟದ ನಡುವೆ ಇಷ್ಟೆಲ್ಲ ನೋಡಲು ನನಗೆ ಹೇಗೆ ಪುರುಸೊತ್ತು ಸಿಗುತ್ತದೆ ಎಂದು ಕೋಚ್ ಇನ್ನೂ ಕೇಳಿಲ್ಲ, ಪುಣ್ಯ.

ಟೇಬಲ್ಲಿನಲ್ಲಿ ಕೂತವರು ಯಾರಿಗೂ ಚಪ್ಪಾಳೆ ತಟ್ಟುವಂತಿಲ್ಲ ಎಂಬ ನಿಯಮ ನನಗೂ ಗೊತ್ತು. ಗೊತ್ತಿದ್ದರೇನು? ಒಳ್ಳೆಯ ಶಾಟ್ ಬಿದ್ದಾಗ ಉಳಿದ ಮೂವರು ಹುಬ್ಬನ್ನಾದರೂ ಏರಿಸುತ್ತಾರೆ. ಹಿರಿಯರಾದ ನಯೀಮ್ ಸರ್ ಮೀಸೆಯಲ್ಲೇ ನಗುತ್ತಾರೆ. ಇವಳಿಗೆ ಮಾತ್ರ ನಾನು ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ನನ್ನ ಎತ್ತರ ಆರು ಅಡಿ ಆರು ಇಂಚು. ಪುಟ್ಟೇನಹಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮೂರಂತಸ್ತಿನ ಮನೆಯಲ್ಲಿ ಒಂದು ಬಾಗಿಲೂ ನನ್ನ ಅಳತೆಯದಲ್ಲ. ಮನೆಯವರಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ಒಂದು ಕೆಲಸವೆಂದು ಅಪ್ಪನಿಗೆ ಇನ್ನೂ ನಂಬಿಕೆ ಬಂದಿಲ್ಲ. ಅಮ್ಮ ಒಮ್ಮೆ ಪಂದ್ಯಕ್ಕೆ ಬಂದು, ಎದುರಾಳಿಗಳು ನನ್ನನ್ನು ತಳ್ಳುವುದನ್ನು ನೋಡಲಾಗದೆ ಅರ್ಧಕ್ಕೇ ಎದ್ದು ಹೋದಳು.

ಗೆದ್ದ ದಿನ ತಂಡದವರು ಅವರವರ ಜನರ ಜೊತೆ ಬಿರಿಯಾನಿಗೆ ಹೋಗುತ್ತಾರೆ. ನಾನು ಕೆರೆಯ ಏರಿಯ ಹತ್ತಿರ ಬೈಕ್ ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಜನ ಕೂಗಿದ್ದು ಇನ್ನೂ ಕಿವಿಯಲ್ಲಿರುತ್ತದೆ, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಒಂಟಿತನ ಸೋತಾಗ ಬರುತ್ತದೆ ಎಂದುಕೊಂಡಿದ್ದೆ. ಗೆದ್ದಾಗಲೇ ಜಾಸ್ತಿ.

ಆ ವಾರವೇ ಮಂಗೋಲಿಯಾದ ಒಂದು ಕ್ಲಬ್ ನನ್ನನ್ನು ಒಂದು ವರ್ಷದ ಕಾಂಟ್ರ್ಯಾಕ್ಟಿಗೆ ಕರೆಯಿತು. ಮನೆಯಲ್ಲಿ ಹೇಳಿದೆ.

“ಅಲ್ಲಿ ರಾಗಿ ಇಟ್ಟು ಸಿಗ್ತದೇನಪ್ಪಾ?” ಎಂದಳು ಅಮ್ಮ.

“ಎಷ್ಟ್ ದಿನಕ್ಕೆ ಬರೋದು?” ಎಂದ ಅಪ್ಪ.

ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಯಾರಾದರೂ ಅನ್ನಲಿ ಎಂದು ನಾನು ಕಾಯುತ್ತಿದ್ದೆ ಎನ್ನುವುದು ನನಗೇ ಆಮೇಲೆ ಹೊಳೆಯಿತು. ನಾನಿಲ್ಲದೆ ಹೋದರೆ ಈ ಊರು ಒಬ್ಬರಿಗಾದರೂ ಖಾಲಿ ಅನಿಸುತ್ತದೆಯೇ? ಅದೊಂದನ್ನು ತಿಳಿದುಕೊಂಡು ವಿಮಾನ ಹತ್ತಬೇಕಿತ್ತು.

ಕ್ಲಬ್ಬಿನವರು ರಕ್ತ ಪರೀಕ್ಷೆಯ ರಿಪೋರ್ಟ್ ಕೇಳಿದ್ದರು. ಆರ್.ಟಿ. ನಗರದ ಒಂದು ಲ್ಯಾಬಿಗೆ ಹೋದೆ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ನೆಟ್ಟಗಾದರೆ, ಬಿಳಿ ಕೋಟು ತೊಟ್ಟು, ಜಡೆಗೆ ನೀಲಿ ಪೆನ್ನು ಸಿಕ್ಕಿಸಿಕೊಂಡು ನಿಂತವಳು ಅವಳೇ.

“ಕೂತ್ಕೊಳಿ, ನಂಬರ್ ಹನ್ನೊಂದು.” ಅದು ನನ್ನ ಜೆರ್ಸಿಯ ನಂಬರ್.

“ನಂಗೂ ಒಂದು ಹೆಸರಿದೆ.”

“ಗೊತ್ತು. ಎ. ಮುನೀಂದ್ರ. ಮೂರು ವರ್ಷದಿಂದ ಬರೀತಿದ್ದೀನಲ್ಲ.”

ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಸೂಜಿ ಕಂಡದ್ದೇ ತಡ, ನನ್ನ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಮೊನ್ನೆ ಇಬ್ಬರ ಮಧ್ಯೆ ನುಗ್ಗಿ ಬ್ಯಾಸ್ಕೆಟ್ ಹಾಕಿದವರು ನೀವೇನಾ?”

“ಅವರ ಕೈಲಿ ಸೂಜಿ ಇರ್ಲಿಲ್ಲ.”

ಅವಳು ನಕ್ಕಳು. ಮೂರು ವರ್ಷಕ್ಕೆ ಮೊದಲ ಸಲ. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಅಲ್ಲಿಯತನಕ ನನಗೆ ಗೊತ್ತೇ ಇರಲಿಲ್ಲ.

“ಸೂಜಿ ನೋಡ್ಬೇಡಿ. ನನ್ನ ನೋಡಿ.”

ನೋಡಿದೆ. ನರ ಹುಡುಕುತ್ತಾ ಅವಳು ರೆಪ್ಪೆ ತಗ್ಗಿಸಿದ್ದಳು. ಒಮ್ಮೆ ರೆಪ್ಪೆ ಎತ್ತಿ, ನಾನು ನೋಡುತ್ತಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಬೇಗ ತಗ್ಗಿಸಿದಳು. ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲಿಲ್ಲ. ಆ ಧೈರ್ಯದಲ್ಲೇ ಕೇಳಿಬಿಟ್ಟೆ.

“ಟೇಬಲ್‌ನಲ್ಲಿ ಬೇರೆಯವರು ಒಂಚೂರಾದ್ರೂ ನಗ್ತಾರೆ. ನನ್ನ ಆಟ ನಿಮಗೆ ಅಷ್ಟು ಕೆಟ್ಟದಾಗಿ ಕಾಣತ್ತಾ?”

ಅವಳು ಸೂಜಿ ಹೊರತೆಗೆದಳು.

“ಅವರು ನಗಬಹುದು. ನಾನು ನಗೋ ಹಾಗಿಲ್ಲ. ನಕ್ರೆ ಎಲ್ರಿಗೂ ಗೊತ್ತಾಗ್ಬಿಡತ್ತೆ.”

“ಏನು ಗೊತ್ತಾಗತ್ತೆ?”

ಹತ್ತಿ ಇಟ್ಟು ನನ್ನ ಮೊಣಕೈ ಮಡಿಸಿದಳು. ಅವಳ ಕಿವಿಯ ಅಂಚು ಕೆಂಪಗಾಗಿತ್ತು.

“ಐದು ನಿಮಿಷ ಒತ್ತಿ ಹಿಡ್ಕೊಳಿ. ಎಲ್ಲಿಗೆ ಈ ರಿಪೋರ್ಟು?”

“ಮಂಗೋಲಿಯಾ. ಮುಂದಿನ ಸೋಮವಾರ ಫ್ಲೈಟು. ಒಂದು ವರ್ಷ.”

ಅವಳು ಜಡೆಯ ಪೆನ್ನು ತೆಗೆದುಕೊಂಡಳು. ರಕ್ತದ ಟ್ಯೂಬಿನ ಮೇಲೆ ನನ್ನ ಹೆಸರು ಬರೆದಳು. ತಪ್ಪಾಯಿತು. ಹೊಡೆದು ಹಾಕಿ ಮತ್ತೆ ಬರೆದಳು. ಅವಳು ಬರೆದದ್ದನ್ನು ಹೊಡೆದು ಹಾಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

“ನೆಕ್ಸ್ಟ್!” ಎಂದು ಬಾಗಿಲ ಕಡೆ ಕೂಗಿದಳು.

ಶನಿವಾರ ಸಂಜೆ ಫೈನಲ್. ಊರಿನಲ್ಲಿ ನನ್ನ ಕೊನೆಯ ಪಂದ್ಯ. ಕೋರ್ಟಿಗೆ ಇಳಿದವನೇ ಟೇಬಲ್ ನೋಡಿದೆ. ಅವಳ ಕುರ್ಚಿಯಲ್ಲಿ ನಯೀಮ್ ಸರ್ ಕೂತಿದ್ದರು.

“ಮೋನಿಷಾ ಬರ್ಲಿಲ್ವಾ ಸರ್?”

“ಫೈನಲ್ ನಂಗೆ ಬೇಡ ಅಂದ್ಲಪ್ಪ. ನೀನು ಆಟದ ಕಡೆ ನೋಡು.”

ಫೈನಲ್ ಬರೆಯಬೇಕೆಂದು ಅವಳು ಮೂರು ವರ್ಷದಿಂದ ಕಾದಿದ್ದಳು, ಇದು ಎಲ್ಲರಿಗೂ ಗೊತ್ತು. ಅದನ್ನೂ ಬಿಟ್ಟಿದ್ದಾಳೆಂದರೆ ನನ್ನ ಮುಖ ನೋಡುವುದು ಬೇಡವಾಗಿದೆ. ಲ್ಯಾಬಿನಲ್ಲಿ ಬಾಯಿಗೆ ಬಂದದ್ದು ಕೇಳಬಾರದಿತ್ತು. ಊರಿನ ಋಣ ಇಷ್ಟೇ ಎಂದುಕೊಂಡು ಆಡಿದೆ. ಆಟ ನನ್ನ ಕೈಗೆ ಹತ್ತಲೇ ಇಲ್ಲ.

ಮೂರನೆಯ ಕ್ವಾರ್ಟರಿನಲ್ಲಿ ನನಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರೂ ಅಡ್ಡ ಬರುವುದಿಲ್ಲ, ನಿಂತು ಹಾಕಿದರಾಯಿತು. ಮೊದಲನೆಯದು ರಿಂಗಿಗೆ ಬಡಿದು ಆಚೆ ಹೋಯಿತು. ಗ್ಯಾಲರಿಯೆಲ್ಲ ‘ಛೇ’ ಎಂದು ಸುಮ್ಮನಾಯಿತು.

ಆ ಮೌನದಲ್ಲಿ ಒಂದು ಚಪ್ಪಾಳೆ ಕೇಳಿಸಿತು. ಒಬ್ಬರದೇ, ಜೋರಾಗಿ.

ತಲೆ ಎತ್ತಿದೆ. ಮೇಲಿನ ಸಾಲಿನ ಮೂಲೆಯಲ್ಲಿ ಅರಿಶಿನ ಬಣ್ಣದ ಕುರ್ತಾ ತೊಟ್ಟು ನಿಂತವಳು ಮೋನಿಷಾ. ಜನ ತಿರುಗಿ ತಿರುಗಿ ನೋಡುತ್ತಿದ್ದರು. ಅವಳು ನಿಲ್ಲಿಸಲಿಲ್ಲ.

ಎರಡನೆಯದೂ ತಪ್ಪಿತು. ಮತ್ತೆ ತಟ್ಟಿದಳು. ಈ ಸಲ ಗ್ಯಾಲರಿಯೇ ನಕ್ಕಿತು, ನಯೀಮ್ ಸರ್ ಮೀಸೆ ಒರೆಸಿಕೊಂಡರು. ಆಮೇಲೆ ನಾನು ಮನಸ್ಸಿಟ್ಟು ಆಡಿದೆ, ಹದಿನೈದು ಪಾಯಿಂಟ್ ಹಾಕಿದೆ. ಆದರೂ ಎರಡೇ ಪಾಯಿಂಟಿನಿಂದ ಸೋತೆವು.

ಹೊರಗೆ ಬೈಕುಗಳ ಹತ್ತಿರ ಅವಳು ಕಾಯುತ್ತಿದ್ದಳು.

“ತಪ್ಪಿದ್ದಕ್ಕೆ ಯಾರಾದ್ರೂ ಚಪ್ಪಾಳೆ ತಟ್ತಾರೇನ್ರೀ?”

“ಬಿದ್ದಾಗ ಎಲ್ರೂ ತಟ್ತಾರೆ. ಅದ್ರಲ್ಲಿ ನಂದು ಯಾವ್ದು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?”

“ಅದಕ್ಕೆ ಫೈನಲ್ ಬಿಟ್ಬಿಟ್ರಾ?”

“ಟೇಬಲ್‌ನಲ್ಲಿ ಕೂತವರಿಗೆ ಎರಡು ಟೀಮೂ ಒಂದೇ ಆಗಿರ್ಬೇಕು. ಮೂರು ವರ್ಷ ಹಲ್ಲು ಕಚ್ಚಿ ಸರಿಯಾಗೇ ಬರ್ದೆ. ಅವತ್ತು ಟ್ಯೂಬ್ ಮೇಲೆ ನಿಮ್ಮ ಹೆಸರು ತಪ್ಪಿತಲ್ಲ, ಇನ್ನು ನನ್ನ ಕೈ ನಂಬೋ ಹಾಗಿಲ್ಲ ಅನ್ನಿಸ್ತು. ನಯೀಮ್ ಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳ್ದೆ.”

“ನಂಗೂ ಹೇಳಿ.”

“ಕೇಳ್ಸಿಲ್ವಾ? ಅಷ್ಟು ಜೋರಾಗಿ ತಟ್ಟಿದ್ದೆ.” ಅವಳ ಅಂಗೈ ಇನ್ನೂ ಕೆಂಪಗಿತ್ತು. ಮುಟ್ಟಿ ನೋಡಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಹೋಗ್ಬೇಡ ಅಂತ ಒಂದು ಮಾತು ಅನ್ನಿ.”

“ಅನ್ನಲ್ಲ. ಹೋಗ್ಬನ್ನಿ.” ಆಮೇಲೆ, “ಹೋಗ್ತೀನಿ ಅನ್ಬೇಡಿ. ಹೋಗ್ಬರ್ತೀನಿ ಅನ್ನಿ,” ಎಂದಳು.

“ಹೋಗ್ಬರ್ತೀನಿ,” ಎಂದೆ.

ಮಂಗೋಲಿಯಾದಲ್ಲಿ ಈಗ ಮೈನಸ್ ಇಪ್ಪತ್ತೆರಡು ಡಿಗ್ರಿ. ಕನ್ನಡ ಬರುವ ಒಂದು ನರಪಿಳ್ಳೆಯೂ ಇಲ್ಲ. ಅಮ್ಮ ಕಟ್ಟಿಕೊಟ್ಟ ರಾಗಿ ಹಿಟ್ಟು ತಳ ಕಂಡಿದೆ. ಕೋಣೆಯ ಕಿಟಕಿಯಿಂದ ಹಿಮ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪಂದ್ಯಗಳು ಮೊಬೈಲಿನಲ್ಲಿ ಲೈವ್ ಬರುತ್ತವೆ. ಮುಗಿಸಿ ಡ್ರೆಸ್ಸಿಂಗ್ ರೂಮಿಗೆ ಬಂದರೆ ಅವಳ ಒಂದು ವಾಯ್ಸ್ ಮೆಸೇಜ್ ಕಾದಿರುತ್ತದೆ. ಮಾತಿಲ್ಲ, ಬರೀ ಚಪ್ಪಾಳೆ. ಸೋತ ದಿನ ಇನ್ನಷ್ಟು ಹೊತ್ತು. ಮದುವೆಯ ಮಾತನ್ನು ನಾವಿಬ್ಬರೂ ಈತನಕ ಎತ್ತಿಲ್ಲ.

ಇವತ್ತು ಹೀನಾಯವಾಗಿ ಸೋತೆವು. ತಂಡದವರೆಲ್ಲ ಹೊರಟ ಮೇಲೆ ಬೆಂಚಿನಲ್ಲಿ ಒಬ್ಬನೇ ಕೂತು ಫೋನನ್ನು ಕಿವಿಗಿಟ್ಟುಕೊಂಡೆ. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಆಮೇಲೆ, ಲ್ಯಾಬಿಗೆ ಬಂದಿದ್ದ ಯಾರೋ ಅಜ್ಜಿಯ ದನಿ.

“ಯಾರಿಗಮ್ಮಾ ಚಪ್ಪಾಳೆ? ಯಾರ್ ಗೆದ್ರು?”

“ಗೆದ್ದಿಲ್ಲ ಅಜ್ಜಿ. ನಮ್ಮನೆಯವರು ಸೋತ್ರು. ಎಲ್ಲಿ, ಕೈ ಚಾಚಿ.”

ಮೆಸೇಜ್ ಅಲ್ಲಿಗೇ ನಿಂತಿತು. ಮತ್ತೆ ಮೊದಲಿನಿಂದ ಹಾಕಿದೆ.