ಕೈ ನೆನೆಸಿದ ದಿನ

ಅನ್ನದ ಮೇಲೆ ಸುರಿದ ಮಸಾಲೆ ಸಾರು ಎಲೆಯ ಅಂಚಿಗೆ ಹರಿಯುತ್ತಿತ್ತು. ಮಾಲಿನಿಯನ್ನು ನೋಡಲು ಬಂದಿದ್ದ ಯುವರಾಜ್‌ನ ಕೈ ಎಲೆಯವರೆಗೆ ಬಂದು, ಅಲ್ಲೇ ನಿಂತಿತು.

ಮಾಲಿನಿ ಸೌಟು ಹಿಡಿದು ಕಾದಳು. ಒಂದು ತುತ್ತು... ಒಂದೇ ಒಂದು ತುತ್ತು.

ಹೆಣ್ಣು ನೋಡಲು ಬಂದವರು ಆ ಮನೆಯಲ್ಲಿ ಉಂಡು ಕೈ ನೆನೆಸಿದರೆ ಸಂಬಂಧ ಕುದುರಿದಂತೆ. ಎಲೆ ಮುಟ್ಟದೆ ಎದ್ದರೆ ಬೇಡವೆಂದಂತೆ. ಇದೇ ಸೀಮೆಯ ಡೆಂಕಣಿಕೋಟೆಯಲ್ಲಿ ಬೆಳೆದ ಯುವರಾಜ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಎದ್ದುಬಿಟ್ಟ.

ಆಲಸನತ್ತಂನ ಆ ಪುಟ್ಟ ಮನೆಯಲ್ಲಿ ಅಂದು ಯಾರೂ ಉಣ್ಣಲಿಲ್ಲ. ಈ ಸಂಬಂಧ ಹುಡುಕಿದವಳು ಶ್ಯಾಮಲಮ್ಮ, ಮಾಲಿನಿಯ ತೀರಿಹೋದ ಗಂಡನ ತಾಯಿ. ಮಸಾಲೆ ಹುರಿದು ಅರೆದವಳು ಮಾಲಿನಿ.

‘ಗಂಡ ಸತ್ತವಳ ಕೈಯಡುಗೆ... ಅದಕ್ಕೇ ಮುಟ್ಟಲಿಲ್ಲ.’

ಅಳು ಬರಲಿಲ್ಲ. ಪಾತ್ರೆ ತೊಳೆದಿಟ್ಟಳು.

ಮೂರನೆಯ ದಿನ ಫ್ಯಾಕ್ಟರಿಯ ಶಿಫ್ಟು ಮುಗಿಸಿಕೊಂಡು, ಯೂನಿಫಾರ್ಮಿನಲ್ಲೇ ಯುವರಾಜ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆಸ್ಪತ್ರೆಯ ಚೀಟಿ.

ಆಹಾರದಲ್ಲಿರುವ ಹಿಸ್ಟಮಿನ್ ಎಂಬ ಅಂಶ ಅವನ ಮೈಗೆ ಒಗ್ಗುವುದಿಲ್ಲವಂತೆ. ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಟೊಮೇಟೊ, ನಿನ್ನೆಯ ಸಾರು... ಯಾವುದು ಹೊಟ್ಟೆಗೆ ಬಿದ್ದರೂ ಮುಖ ಕೆಂಪಾಗಿ, ಮೈಯೆಲ್ಲ ದದ್ದು ಎದ್ದು, ತಲೆ ಸಿಡಿಯುತ್ತದಂತೆ.

“ಅವತ್ತೇ ಹೇಳ್ಬೋದಿತ್ತಲ್ಲ?” ಎಂದಳು ಮಾಲಿನಿ.

“ಹೋದ ಸಲ ಹೆಣ್ಣಿನ ಕಡೆಯೋರಿಗೆ ಹೇಳ್ದೆ. ಕಾಯಿಲೆ ಗಂಡು ಅಂತ ಬುಟ್ಬುಟ್ರು. ನೀವೂ ಹಂಗೇ ಅಂದ್ರೆ ಅಂತ... ಭಯ ಆಯ್ತು.”

ಮಾಲಿನಿ ಗೋಡೆಗೆ ಒರಗಿದಳು. ಅವನು ಎದ್ದುಹೋಗಲು ಕಾರಣ ತನ್ನ ಕೈಯಲ್ಲ. ಮೂರು ದಿನ ಎದೆಯ ಮೇಲೆ ಕೂತಿದ್ದದ್ದು ಬರೀ ಚಕ್ಕೆ, ಲವಂಗ!

“ಒಂದ್ಮಾತು ಅಂದಿದ್ರೆ ಹಾಲನ್ನ ಹಾಕ್ತಿದ್ವಲ್ಲಪ್ಪ,” ಶ್ಯಾಮಲಮ್ಮ ಒಳಗಿಂದಲೇ ಗೊಣಗಿದಳು. “ಇವ್ಳೂ ಮೂರ್ದಿನದಿಂದ ಸರ್ಯಾಗಿ ಉಂಡಿಲ್ಲ.”

ಮಾಲಿನಿ ಒಂದೊಂದೇ ಪದಾರ್ಥದ ಹೆಸರು ಹೇಳಿ, ಇದು ಆಗುತ್ತದಾ, ಅದು ಆಗುತ್ತದಾ ಎಂದು ಕೇಳಿದಳು. ಸೋರೆಕಾಯಿ ಹೆಚ್ಚಿ ಬೇಯಿಸಿ ಪಲ್ಯ ಮಾಡಿದಳು. ಅರಿಶಿನ, ಉಪ್ಪು, ಮೇಲೆ ಒಂದು ಹಿಡಿ ಹಸಿ ಕೊತ್ತಂಬರಿ. ಬಿಸಿ ಮುದ್ದೆ ತಿರುವಿ ತಟ್ಟೆಗೆ ಹಾಕಿದಳು.

ಅವನು ಮುದ್ದೆ ಮುರಿದು ಪಲ್ಯದ ನೀರಿನಲ್ಲಿ ಅದ್ದಿ ನುಂಗಿದ. ಅವಳು ಅವನ ಕೆನ್ನೆಯನ್ನೇ ನೋಡುತ್ತಾ ಕೂತಳು. ತಟ್ಟೆ ಖಾಲಿಯಾಯಿತು... ಕೆನ್ನೆ ಕೆಂಪಾಗಲಿಲ್ಲ. ಆಗ ಅವಳು ಉಸಿರು ಬಿಟ್ಟಳು.

“ಕೈ ನೆನೆಸ್ಬುಟ್ಟೆ,” ಎಂದ ಅವನು, ಮೆಲ್ಲಗೆ.

“ಉಪ್ಪು ಸರಿಯಿತ್ತಾ?”

“ಒಸಿ ಜಾಸ್ತಿ.”

ಬಹಳ ದಿನದ ಮೇಲೆ ಮಾಲಿನಿ ನಕ್ಕಳು. “ಅದ್ನೂ ಮುಚ್ಚಿಡ್ತೀರೇನೋ ಅಂದ್ಕೊಂಡೆ.”

“ಇಲ್ಲ. ಇನ್ಮೇಲೆ ಏನಿದ್ರೂ ಮೊದ್ಲು ನಿಮಗೇ ಹೇಳ್ತೀನಿ.”